ಬಿಳಿ ಗುಂಡಿಯ ಕೋಟು

ಬೊಬ್ರುವಾಡಕ್ಕೆ ಬಂದು ರಾಮನಾಥನ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಮಿಲಿಟರಿ ರಾಮನಾಥನ ಮನೆ ಎಂದು ಕೇಳಬೇಕು. ಆಗ ಚಾ ಅಂಗಡಿಯಲ್ಲಿ ಕೂತವರು ಕೂಡ ಎದ್ದು ಬಂದು ದಾರಿ ತೋರಿಸುತ್ತಾರೆ. ಹಾಗೆಂದು ರಾಮನಾಥ ಮಿಲಿಟರಿಗೆ ಹೋದವನೇನೂ ಅಲ್ಲ. ಮೂವತ್ತೊಂದು ವರ್ಷ ಅಂಕೋಲೆಯ ಸುತ್ತ ಮನೆ ಮನೆ ತಿರುಗಿ ಕರೆಂಟಿನ ಮೀಟರ್ ಓದಿ ನಿವೃತ್ತನಾದವನು. ಸೇವೆಯಲ್ಲಿದ್ದಾಗ ಎರಡು ಸಲ ಗಾಯಗೊಂಡದ್ದು ನಿಜ, ಆದರೆ ಎರಡು ಸಲವೂ ಕಚ್ಚಿದ್ದು ನಾಯಿ.

ಮಿಲಿಟರಿ ಎಂಬ ಬಿರುದು ಬಂದದ್ದು ಅವನ ಜಗಲಿಯ ಗೋಡೆಯ ಮೇಲಿದ್ದ ಫೋಟೋದಿಂದ. ಅದು ಅವನ ದೊಡ್ಡಪ್ಪ ವಿಠೋಬನ ಫೋಟೋ. ಕಪ್ಪು ಬಿಳುಪಿನದು, ಕೆಳಗಿನ ಅರ್ಧ ಗೆದ್ದಲು ತಿಂದದ್ದು. ಉಳಿದ ಅರ್ಧದಲ್ಲಿ ವಿಠೋಬ ಮಿಲಿಟರಿ ಕೋಟು ಹಾಕಿಕೊಂಡು, ಅರಮನೆಯ ಮೆಟ್ಟಿಲುಗಳ ಎದುರು ನಿಂತು, ಹೂದಾನಿ ಇಟ್ಟ ಮರದ ಕಂಬದ ಮೇಲೆ ಕೈಯೂರಿ, ಯಾರೋ ಈಗಷ್ಟೇ ಬೈದು ಹೋದ ಹಾಗೆ ಮುಖ ಮಾಡಿಕೊಂಡಿದ್ದ. ಕೋಟಿಗೆ ಐದು ಗುಂಡಿ. ನಾಲ್ಕು ಹಿತ್ತಾಳೆಯವು, ಮೇಲಿನಿಂದ ಮೂರನೆಯದು ಮಾತ್ರ ಬಿಳಿ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶದ ಅರಮನೆಯೊಂದನ್ನು ಗೆದ್ದು ಅಲ್ಲೇ ಪ್ರಾಣಬಿಟ್ಟ ವಿಠೋಬನ ಶೌರ್ಯಕ್ಕೆ ಮೆಚ್ಚಿ ಬಿಳಿ ಸಾಹೇಬ ಖುದ್ದಾಗಿ ಹಚ್ಚಿದ ಪದಕ ಆ ಬಿಳಿ ಗುಂಡಿ ಎಂದು ರಾಮನಾಥ ಹೇಳುತ್ತಿದ್ದ. ಪ್ರಾಣಬಿಟ್ಟ ಮೇಲೆ ಪದಕ ಹಚ್ಚಿಕೊಂಡು ಫೋಟೋಕ್ಕೆ ನಿಂತದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಮುಂದಿನ ತಿಂಗಳು ಅವರ ಮನೆಯ ಮೀಟರ್ ಓದಲು ಬರುವವನೂ ಅವನೇ ಆಗಿದ್ದ.

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಈ ಮನೆಗೆ ಉಮೇಶ ಬಂದ. ಉಮೇಶನದು ಹೆದ್ದಾರಿ ಪಕ್ಕದಲ್ಲಿ ಗ್ರಾನೈಟ್ ಅಂಗಡಿ. ಊರಿನ ಯುವಕ ಸಂಘಕ್ಕೂ ಅವನೇ ಅಧ್ಯಕ್ಷ. ವಯಸ್ಸು ಐವತ್ತೆರಡಾಗಿದ್ದರೂ ಸಂಘಕ್ಕೆ ಬೇರೆ ಯುವಕರು ಸಿಕ್ಕಿರಲಿಲ್ಲ.

"ರಾಮನಾಥಣ್ಣಾ, ಒಂದು ಕಲ್ಲು ಅದೆ," ಎಂದು ಉಮೇಶ ಶುರುಮಾಡಿದ. "ಯಾರೋ ಅಡ್ಗೆಮನೆ ಕಟ್ಟೆಗೆ ಬೇಕು ಹೇಳಿ ತರ್ಸಿ ಬಿಟ್ಟೋದದ್ದು. ಏಳಡಿ ಕರಿಕಲ್ಲು, ಸುಮ್ನೆ ಬಿದ್ಕಂಡದೆ. ಅದ್ರ ಮೇಲೆ ಯುದ್ಧದಲ್ಲಿ ಸತ್ತ ನಮ್ಮ ಸುತ್ತಿನ ಸೈನಿಕರ ಹೆಸ್ರು ಕೆತ್ತಿ ಜನವರಿ ಇಪ್ಪತ್ತಾರಕ್ಕೆ ಶಾಲೆ ಎದ್ರಿಗೆ ನಿಲ್ಸೂದು ಹೇಳಿ ಸಂಘದಲ್ಲಿ ಠರಾವಾಯ್ತು."

"ಚಲೋ ವಿಚಾರ. ನಮ್ಮ ದೊಡ್ಡಪ್ಪನ ಹೆಸ್ರು ಬರ್ಕೊ."

"ಬರ್ದಾಯ್ತು. ಆದ್ರೆ ಒಂದೇ ಹೆಸ್ರಾದ್ರೆ ಅಷ್ಟು ದೊಡ್ಡ ಕಲ್ಲು ಬೋಳು ಕಾಣ್ತದೆ. ಆರೇಳಾದ್ರೂ ಬೇಕು. ನೀವು ಎಲ್ಲರ ಜಗಲಿ ಕಂಡವ್ರು. ಯಾರ ಮನೆ ಗೋಡೆ ಮೇಲೆ ಮಿಲಿಟರಿ ಫೋಟೋ ಅದೆ ಹೇಳೂದು ನಿಮ್ಗೇ ಗೊತ್ತು."

ರಾಮನಾಥನಿಗೆ ಗೊತ್ತಿರಲಿಲ್ಲ. ಮೀಟರುಗಳಿರುವುದು ಜಗಲಿಯಲ್ಲೇ, ಫೋಟೋಗಳಿರುವುದೂ ಜಗಲಿಯಲ್ಲೇ. ಆದರೆ ಮೂವತ್ತೊಂದು ವರ್ಷದಲ್ಲಿ ಅವನ ಕಣ್ಣು ಮೀಟರಿನಿಂದ ಒಂದು ಗೇಣು ಆಚೆ ಹೋಗಿರಲಿಲ್ಲ. ಇದನ್ನು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. "ಎಲ್ಲಾ ತಲೇಲಿ ಅದೆ," ಎಂದುಬಿಟ್ಟ. ಅವನ ಮನಸ್ಸಾಗಲೇ ಕಲ್ಲಿನ ಮೇಲಿತ್ತು. ಗೋಡೆಯ ಮೇಲಿನ ಫೋಟೋವನ್ನು ಗೆದ್ದಲು ಇನ್ನೆರಡು ಮಳೆಗಾಲದಲ್ಲಿ ಪೂರೈಸುತ್ತಿತ್ತು. ಕಲ್ಲಿನ ಮೇಲೆ ವಿಠೋಬನ ಹೆಸರು ಬಿದ್ದರೆ ಗೆದ್ದಲಿನ ಕೈಯಲ್ಲಿ ಏನೂ ಆಗುವುದಿಲ್ಲ. ತಾನು ಸತ್ತ ಮೇಲೂ ಇದು ಮೀಟರ್ ಓದುವವನ ಮನೆಯಾಗದೆ ಮಿಲಿಟರಿ ಮನೆಯಾಗಿಯೇ ಉಳಿಯುತ್ತದೆ.

ಉಮೇಶ ಒಂದೇ ಒಂದು ನಿಯಮ ಹಾಕಿದ. ಕಲ್ಲಿನ ಪಕ್ಕದಲ್ಲಿ ಫ್ಲೆಕ್ಸ್ ಕಟ್ಟುವುದಿರುವುದರಿಂದ ಪ್ರತಿಯೊಬ್ಬ ಹುತಾತ್ಮನಿಗೂ ಮಿಲಿಟರಿ ಡ್ರೆಸ್ಸಿನ ಫೋಟೋ ಇರಲೇಬೇಕು. ಫೋಟೋ ಇಲ್ಲದಿದ್ದರೆ ಹೆಸರಿಲ್ಲ.

ಚಾ ತಂದ ರಾಮನಾಥನ ಹೆಂಡತಿ ಗಂಗೂ ಗೋಡೆಯ ಮೇಲಿನ ಫೋಟೋವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಹೌದ್ರಾ, ಆ ಫೋಟೋದ ವಿಷ್ಯ ನಿಮ್ಗೊಂದು ಮಾತು ಹೇಳೂಕಿತ್ತು," ಎಂದಳು.

"ಆಮೇಲೆ ಹೇಳು. ಈಗ ದೇಶದ ಕೆಲ್ಸ ಅದೆ," ಎಂದ ರಾಮನಾಥ.

ಸುದ್ದಿ ಹರಡಿದ ಮೇಲೆ ಮೊದಲು ಬಂದವಳು ಭಾವಿಕೇರಿಯ ನಾಗಮ್ಮ. ಎಂಬತ್ತೆಂಟು ವರ್ಷದ ಮುದುಕಿ. ಮೊಮ್ಮಗ ಪ್ರದೀಪನ ರಿಕ್ಷಾದಲ್ಲಿ ಬಂದಿಳಿದವಳು ಮೊಣಕಾಲು ನೋವೆಂದು ಜಗಲಿಯ ಮೆಟ್ಟಿಲು ಹತ್ತದೆ ಅಂಗಳದ ತುಳಸಿಕಟ್ಟೆಗೆ ಒರಗಿ ನಿಂತಳು. ರಾಮನಾಥ ಹೊಸ ನೋಟುಬುಕ್ಕು ಹಿಡಿದು ಅಂಗಳಕ್ಕಿಳಿದ.

"ತಮಾ, ಲಡಾಯಿಲಿ ಸತ್ತವ್ರ ಹೆಸ್ರು ಬರ್ಕಳ್ತೆ ಅಂತಲ್ಲ. ನಮ್ಮಣ್ಣಂದೂ ಬರ್ಕ. ಜಟ್ಟಿ. ಅಪ್ಪನ ಹೆಸ್ರು ಸೋಮ."

"ಫೋಟೋ ಅದ್ಯನಾ ಅಜ್ಜಿ?"

"ಫೋಟೋ ಇಲ್ಲಾ. ಕಾಗ್ದ ಅದೆ." ಮುದುಕಿ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆಯ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದಳು. ಮಡಿಕೆಗಳಲ್ಲಿ ಅದು ಹರಿದೇ ಹೋಗಿತ್ತು.

ರಾಮನಾಥ ಅದನ್ನು ಬಿಡಿಸಿ ನೋಡಲಿಲ್ಲ. "ಕಾಗ್ದ ಫ್ಲೆಕ್ಸಿನ ಮೇಲೆ ಹಾಕೂಕೆ ಬರೂದಿಲ್ಲಾ ಅಜ್ಜಿ. ಮುಖ ಬೇಕು."

"ಮುಖ ನಂಗೂ ನೆನಪಿಲ್ಲಾ ತಮಾ. ಅಂವ ಹೋಗ್ವಾಗ ನಂಗೆ ಏಳೋ ಎಂಟೋ ವರ್ಷ."

ನಿಯಮ ನಿಯಮವೇ. ರಾಮನಾಥ ನೋಟುಬುಕ್ಕಿನಲ್ಲಿ "ಜಟ್ಟಿ ಸೋಮ, ಭಾವಿಕೇರಿ" ಎಂದು ಬರೆದು, ಮೀಟರ್ ಓದುವಾಗ ಬೀಗ ಹಾಕಿದ ಮನೆಗಳ ಎದುರು ಎಳೆಯುತ್ತಿದ್ದಂಥ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಫೋಟೋ ಇಲ್ಲ" ಎಂದು ಸೇರಿಸಿದ. ನಾಗಮ್ಮ ಜಗಳ ಮಾಡಲಿಲ್ಲ. "ಇರ್ಲಿ ಬಿಡು. ಕಲ್ಲಿನ ಮೇಲೆ ಜಾಗ ಉಳದ್ರೆ ನೋಡು," ಎಂದು ರಿಕ್ಷಾ ಹತ್ತಿದಳು.

ಅನಂತರ ಅವನು ಹೋದದ್ದು ಪಕ್ಕದ ಮನೆಯ ಮಾಸ್ತಿಯಲ್ಲಿಗೆ. ಮಾಸ್ತಿ ಶೇಂಗಾ ಬೆಳೆಯುವವನು. ರಾಮನಾಥನ ದೊಡ್ಡಪ್ಪನಿಗೆ ಕಲ್ಲು ಬರುತ್ತದೆಂದು ಕೇಳಿದಾಗಿನಿಂದ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ನಮ್ಮಜ್ಜನೂ ಮಿಲಿಟರಿಲಿ ಸತ್ತವ್ನೇಯಾ ರಾಮನಾಥಣ್ಣಾ," ಎಂದು ಅವನು ಗೋಡೆಯಿಂದ ಫೋಟೋ ಇಳಿಸಿ ಅಂಗೈಯಿಂದ ಒರೆಸಿ ಕೊಟ್ಟ.

ರಾಮನಾಥ ಫೋಟೋವನ್ನು ಬೆಳಕಿಗೆ ಹಿಡಿದ. ಅದೇ ಕೋಟು, ಅದೇ ಅರಮನೆಯ ಮೆಟ್ಟಿಲು, ಅದೇ ಹೂದಾನಿ, ಮೇಲಿನಿಂದ ಮೂರನೆಯ ಗುಂಡಿ ಬಿಳಿ. ಬಿಳಿ ಸಾಹೇಬ ತನ್ನ ದೊಡ್ಡಪ್ಪನಿಗೊಬ್ಬನಿಗೇ ಕೊಟ್ಟಿದ್ದ ಪದಕ ಈ ಶೇಂಗಾದವನ ಅಜ್ಜನ ಎದೆಯ ಮೇಲೆ ಹೇಗೆ ಬಂತು? ಸಾಲದ್ದಕ್ಕೆ ಈ ಫೋಟೋವನ್ನು ಗೆದ್ದಲು ತಿಂದಿರಲಿಲ್ಲ. ಕೋಟಿನ ಕೆಳಗೆ ಮಾಸ್ತಿಯ ಅಜ್ಜ ಪಂಚೆ ಉಟ್ಟು ಬರಿಗಾಲಲ್ಲಿ ನಿಂತಿದ್ದ.

"ಇಂವ ಪಂಚೆ ಎಂತಕೆ ಉಟ್ಕಂಡಿದ್ದ?"

"ಬರ್ಮಾದಲ್ಲಿ ಸೆಖೆ ಅಲ್ವನಾ," ಎಂದ ಮಾಸ್ತಿ.

"ಯಾವಾಗ ಸತ್ತದ್ದು?"

"ನಲ್ವತ್ನಾಕರಲ್ಲಿ. ನಿಮ್ಮ ದೊಡ್ಡಪ್ಪನ ಸಂಗ್ತಿಗೇ ಇರ್ಬೇಕು."

"ನಿಮ್ಮಪ್ಪ ಹುಟ್ಟಿದ್ದು ಯಾವಾಗ?"

"ಐವತ್ತೊಂದರಲ್ಲಿ."

ರಾಮನಾಥ ನೋಟುಬುಕ್ಕಿನ ಅಂಚಿನಲ್ಲಿ ಎರಡೂ ಇಸವಿ ಬರೆದು ಕಳೆದು ನೋಡಿದ. "ಅದು ಹ್ಯಾಂಗೆ ಆಗ್ತದೆ ಮಾರಾಯಾ?" ಎಂದು ಕೇಳಿದ.

"ಹ್ಯಾಂಗೆ ಅಂದ್ರೆ? ಮಿಲಿಟರಿಯವ್ರಿಗೆ ರಜೆ ಕೊಡೂದಿಲ್ವನಾ?" ಎಂದು ಮಾಸ್ತಿ ತಿರುಗಿ ಕೇಳಿದ.

ರಾಮನಾಥನಿಗೆ ವಿದ್ಯುತ್ ಇಲಾಖೆಯ ರಜೆಯ ನಿಯಮಗಳು ಮಾತ್ರ ಗೊತ್ತಿದ್ದವು. ಮಿಲಿಟರಿಯಲ್ಲಿ ಹೇಗಿರುತ್ತದೋ ಎಂದುಕೊಂಡು ಹೆಸರು ಬರೆದುಕೊಂಡ.

ಹದಿನೈದು ದಿನ ಕಳೆಯುವುದರೊಳಗೆ ಏಳು ಹುತಾತ್ಮರಾದರು. ಬೊಬ್ರುವಾಡದಲ್ಲಿ ನಾಲ್ವರು, ಭಾವಿಕೇರಿಯಲ್ಲಿ ಇಬ್ಬರು, ಅಗಸೂರಿನಲ್ಲಿ ಒಬ್ಬ. ಏಳು ಫೋಟೋಗಳನ್ನೂ ರಾಮನಾಥ ತನ್ನ ಜಗಲಿಯಲ್ಲಿ ಸಾಲಾಗಿ ಇಟ್ಟು ನೋಡಿದ. ಏಳೂ ಜನ ಅದೇ ಮೆಟ್ಟಿಲಿನ ಎದುರು ಅದೇ ಹೂದಾನಿಯ ಪಕ್ಕದಲ್ಲಿ ನಿಂತಿದ್ದರು. ಏಳೂ ಜನರ ಮೂರನೆಯ ಗುಂಡಿ ಬಿಳಿಯಾಗಿತ್ತು. ಅಗಸೂರಿನವನಿಗೆ ಕೋಟು ಎಷ್ಟು ದೊಡ್ಡದಾಗಿತ್ತೆಂದರೆ ಬೆರಳ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಭಾವಿಕೇರಿಯ ಒಬ್ಬನಿಗೆ ಅದು ಬಿಗಿಯಾಗಿ ಉಸಿರು ಕಟ್ಟಿದಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಒಂದು ಅನುಮಾನ ಬರುತ್ತಿತ್ತು. ರಾಮನಾಥನಿಗೆ ಬಂದದ್ದು ಒಂದು ಸಿದ್ಧಾಂತ.

ಅದನ್ನವನು ಸಂಘದ ಸಭೆಯಲ್ಲಿ ಎದ್ದು ನಿಂತು ಮಂಡಿಸಿದ. ಈ ಏಳೂ ಜನ ಒಂದೇ ತುಕಡಿಯವರು. ಬರ್ಮಾದ ಅರಮನೆಯ ಮೆಟ್ಟಿಲ ಮೇಲೆ ಒಂದೇ ದಿನ ಹೋರಾಡಿದವರು. ಗೆದ್ದ ಮೇಲೆ ಸಾಹೇಬ ಒಬ್ಬೊಬ್ಬರನ್ನೇ ಕರೆದು ಬಿಳಿ ಪದಕ ಹಚ್ಚಿ, ವಶಪಡಿಸಿಕೊಂಡ ಹೂದಾನಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ. ಆಮೇಲೆ ಶತ್ರುಗಳು ಹಿಂದಿನಿಂದ ಬಂದರು.

ಉಮೇಶ ಕಣ್ಣೊರೆಸಿಕೊಂಡು, ಫ್ಲೆಕ್ಸಿನ ಮೇಲೆ "ಮೆಟ್ಟಿಲ ಕದನದ ಸಪ್ತವೀರರು" ಎಂದು ಬರೆಸುವುದಾಗಿ ಹೇಳಿದ. ಶಾಲೆಯ ಕವಿತಾ ಟೀಚರು ಮಕ್ಕಳಿಂದ ರೂಪಕ ಮಾಡಿಸಲು ಒಪ್ಪಿ, ಮೆಟ್ಟಿಲಿಗೆಂದು ಮರುದಿನವೇ ಬೆಂಚು ಜೋಡಿಸಿದರು. ಕಾರವಾರದಲ್ಲಿದ್ದ ಗಂಗೂವಿನ ತಮ್ಮ ರೂಪೇಶ ಫೋನ್ ಮಾಡಿ, "ಬಾವಾ, ನಮ್ಮ ಓಣಿಲಿ ಒಬ್ರು ರಿಟೈರ್ಡ್ ಸುಬೇದಾರರು ಇದ್ದಾರೆ. ಅತಿಥಿ ಆಗಿ ಕರ್ಕೊಂಡು ಬರ್ತೆ," ಎಂದ. ರಾಮನಾಥ ಈಗ ಚಾ ಅಂಗಡಿಗೆ ಹೋಗುವಾಗಲೂ ಎದೆ ಮುಂದಕ್ಕಿಟ್ಟು ನಡೆಯುತ್ತಿದ್ದ.

ತೊಂದರೆ ಶುರುವಾದದ್ದು ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಬೇಕು ಎಂಬಲ್ಲಿ. ಮೊದಲು ಮೆಟ್ಟಿಲು ಹತ್ತಿದವನ ಹೆಸರು ಮೇಲೆ ಬರಬೇಕೆಂದು ರಾಮನಾಥ ಹೇಳಿದ. ಮೊದಲು ಹತ್ತಿದವನು ವಿಠೋಬ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

"ನಿಮ್ಮ ದೊಡ್ಡಪ್ಪ ಕಂಬ ಮುಟ್ಟಾನೆ ಅಷ್ಟೆ. ನಮ್ಮಜ್ಜ ಹೂದಾನಿಯನ್ನೇ ಹಿಡ್ದಾನೆ, ನೋಡಿ," ಎಂದು ಮಾಸ್ತಿ ಫೋಟೋ ಎತ್ತಿ ತೋರಿಸಿದ. "ಹೂದಾನಿ ಹಿಡ್ದವ ಮೊದ್ಲು ಹೋದವ್ನಾ, ಕಂಬ ಹಿಡ್ದವ್ನಾ?"

ಅಗಸೂರಿನವರು ತಮ್ಮವನ ಕೈ ಕೋಟಿನೊಳಗಿದೆ, ಅದರಲ್ಲಿ ಬಾಂಬು ಇತ್ತು ಎಂದು ವಾದಿಸಿದರು. ಭಾವಿಕೇರಿಯವರು ಮೂರು ದಿನ ಸಭೆಗೇ ಬರಲಿಲ್ಲ. ಕ್ರಮ ನಿರ್ಧಾರವಾಗುವ ತನಕ ಒಂದಕ್ಷರವನ್ನೂ ಕೆತ್ತುವುದಿಲ್ಲ ಎಂದು ಉಮೇಶ ಮಿಷನ್ನು ಎತ್ತಿಟ್ಟ. ಫ್ಲೆಕ್ಸ್ ಮಾತ್ರ ತಯಾರಾಗಿ ಬಂತು. ಅದರಲ್ಲಿ ಏಳೂ ಫೋಟೋಗಳನ್ನು ಸುತ್ತಲೂ ಗಡಿಯಾರದ ಅಂಕೆಗಳಂತೆ ಹಾಕಿಸಿದ್ದರಿಂದ ಯಾರು ಮೊದಲೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗಂಗೂ ಮತ್ತೊಮ್ಮೆ ಪ್ರಯತ್ನಿಸಿದಳು. "ಆ ಫೋಟೋದ ವಿಷ್ಯ..." ಎಂದಳು. "ಇಪ್ಪತ್ತಾರು ಮುಗೀಲಿ ಗಂಗೂ," ಎಂದು ರಾಮನಾಥ ಭಾಷಣ ಬರೆಯಲು ಕೂತ.

ಸುಬೇದಾರರು ಜನವರಿ ಇಪ್ಪತ್ತನಾಲ್ಕರ ಮಧ್ಯಾಹ್ನವೇ ಬಂದರು. ಕಾರ್ಯಕ್ರಮದ ಶಿಸ್ತು ಮೊದಲೇ ನೋಡಬೇಕು ಎಂಬುದು ಅವರ ಪದ್ಧತಿ. ಎಪ್ಪತ್ತು ದಾಟಿದ, ಬೆನ್ನು ಬಾಗದ ಮನುಷ್ಯ. ಏಳೂ ಮನೆಯವರು ಶಾಲೆಯ ಅಂಗಳದಲ್ಲಿ ಫ್ಲೆಕ್ಸಿನ ಎದುರು ಹೊಸ ಬಟ್ಟೆ ಹಾಕಿಕೊಂಡು ನಿಂತಿದ್ದರು. ಸುಬೇದಾರರು ಕನ್ನಡಕ ಹಾಕಿಕೊಂಡು ಮೊದಲನೆಯ ಫೋಟೋದಿಂದ ಏಳನೆಯ ಫೋಟೋದವರೆಗೆ ನೋಡಿದರು. ಮತ್ತೆ ಏಳನೆಯದರಿಂದ ಮೊದಲನೆಯದಕ್ಕೆ ಬಂದರು.

"ಮೂರನೇ ಗುಂಡಿ ಎಲ್ಲರದೂ ಬಿಳಿ ಯಾಕೆ?" ಎಂದು ಕೇಳಿದರು.

"ಅದು ಪದಕ ಸಾಹೇಬ್ರೆ," ಎಂದ ರಾಮನಾಥ.

"ಅದು ಅಂಗಿ ಗುಂಡಿ. ನಿಮ್ಮ ಅಂಗಿಗೂ ಇದೆ ನೋಡಿ."

ರಾಮನಾಥ ಬಗ್ಗಿ ತನ್ನ ಅಂಗಿ ನೋಡಿಕೊಂಡ. ಇತ್ತು.

"ಎಡಗೈ ತೋಳಿನ ಮೇಲೆ ಒಂದು ಹೊಲಿಗೆ ಇದೆ. ಏಳರಲ್ಲೂ ಅಲ್ಲೇ ಇದೆ," ಎಂದು ಸುಬೇದಾರರು ಬೆರಳಿಟ್ಟು ತೋರಿಸುತ್ತ ಹೋದರು. "ನಲವತ್ತು ವರ್ಷ ಯೂನಿಫಾರ್ಮ್ ನೋಡಿದವನು ನಾನು. ಇವು ಏಳು ಕೋಟಲ್ಲ, ಒಂದೇ ಕೋಟು. ಏಳು ಜನ ಒಂದೇ ಕೋಟು ಹಾಕ್ಕೊಂಡು ಯುದ್ಧಕ್ಕೆ ಹೋಗಿದ್ರಾ?"

ಎಲ್ಲರೂ ರಾಮನಾಥನ ಮುಖ ನೋಡಿದರು. ಸಿದ್ಧಾಂತ ಅವನದು, ಉತ್ತರವೂ ಅವನೇ ಕೊಡಬೇಕಿತ್ತು.

"ಪಾಳಿ ಮೇಲೆ ಹೋಗಿರ್ಬೇಕು ಸಾಹೇಬ್ರೆ," ಎಂದ ರಾಮನಾಥ.

ಸುಬೇದಾರರು ನಗಲಿಲ್ಲ. ಅಗಸೂರಿನವರು ತಂದಿದ್ದ ಮೂಲ ಫೋಟೋ ಕೈಗೆತ್ತಿಕೊಂಡು ಕೆಳಗಿನ ಮೂಲೆ ತೋರಿಸಿದರು. ಅರಮನೆಯ ಮೆಟ್ಟಿಲು ಅಲ್ಲಿ ಸುಕ್ಕಾಗಿ ನೆಲದ ಮೇಲೆ ಮಡಚಿಕೊಂಡಿತ್ತು. "ಇದು ಪರದೆ. ಇದು ಫೋಟೋ ಸ್ಟುಡಿಯೋ. ಕೋಟು ಅವರಲ್ಲೇ ಇಟ್ಟಿರ್ತಾರೆ, ಬಂದವರಿಗೆ ಹಾಕೋದಕ್ಕೆ."

"ಈಗ ಹೇಳ್ಲನಾ?" ಎಂದಳು ಹಿಂದೆ ನಿಂತಿದ್ದ ಗಂಗೂ.

ಈ ಸಲ ರಾಮನಾಥ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

"ಅತ್ತೆ ಹೇಳಿದ್ರು. ವಿಠೋಬ ಮಾವಂಗೆ ಹೆಣ್ಣಿನ ಮನೆಗೆ ಕಳ್ಸೂಕೆ ಫೋಟೋ ಬೇಕಾಗಿತ್ತಂತೆ. ಕಾರವಾರಕ್ಕೆ ಕರ್ಕಂಡೋಗಿ ಸ್ಟುಡಿಯೋದಲ್ಲಿ ಮಿಲಿಟರಿ ಕೋಟು ಹಾಕ್ಸಿ ತೆಗ್ಸಿದ್ರಂತೆ. ಆಗ ಈ ಬದಿಯ ಗಂಡುಮಕ್ಳೆಲ್ಲಾ ಅಲ್ಲೇ ಹೋಗಿ ಅದೇ ಕೋಟು ಹಾಕ್ಕಳ್ತಿದ್ರಂತೆ. ಕೋಟು ನೋಡಿ ಹೆಣ್ಣಿನವ್ರು ಒಪ್ಪಿದ್ರಂತೆ. ಮದ್ವೆಗೆ ಹದ್ನೈದು ದಿನ ಇರ್ವಾಗ ಮಾವ ತೆಂಗಿನ ಮರ ಹತ್ತಿ ಬಿದ್ರಂತೆ."

"ಮೂವತ್ತೈದು ವರ್ಷ ಇದನ್ನ ನಂಗೆ ಎಂತಕೆ ಹೇಳ್ಳಿಲ್ಲಾ?" ಎಂದು ರಾಮನಾಥ ಸಣ್ಣ ದನಿಯಲ್ಲಿ ಕೇಳಿದ.

"ನೀವು ಸುಮ್ನಾದ ಹೊತ್ತಿಗೆ ಹೇಳ್ವಾ ಹೇಳಿ ಮಾಡಿದ್ದೆ," ಎಂದಳು ಗಂಗೂ.

ಮಾಸ್ತಿ ತಲೆ ಕೆರೆದುಕೊಂಡ. ತನ್ನಜ್ಜ ಸತ್ತದ್ದು ತೊಂಬತ್ತೈದರಲ್ಲಿ, ದಮ್ಮಿನಿಂದ, ತಾನೇ ಹೆಗಲು ಕೊಟ್ಟಿದ್ದೆ, ಈಗ ನೆನಪಾಯಿತು ಎಂದ. ಅಗಸೂರಿನವರು ಬಾಂಬಿನ ವಿಷಯ ಎತ್ತ‌ಲಿಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಫೋಟೋ ಟವೆಲಿನಲ್ಲಿ ಸುತ್ತಿಕೊಂಡು, ಬಸ್ಸಿಗೆ ತಡವಾಯಿತೆಂದು ಹೇಳಿ, ಬಸ್ಸೇ ಇಲ್ಲದ ದಾರಿಯಲ್ಲಿ ನಡೆದುಹೋದರು. ಉಮೇಶ ಅಂಗಡಿಗೆ ಮರಳಿ, ಹೆಸರಿಲ್ಲದ ಏಳಡಿ ಕಲ್ಲನ್ನು ನೋಡುತ್ತ, ಇದನ್ನು ಮತ್ತೆ ಯಾರ ಅಡುಗೆಮನೆಗೆ ಹೊಂದಿಸುವುದು ಎಂದು ಯೋಚಿಸುತ್ತ ನಿಂತ.

ರಾಮನಾಥ ಮನೆಗೆ ಬಂದು ಜಗಲಿಯಲ್ಲಿ ಕೂತ. ಗೋಡೆಯ ಮೇಲೆ ವಿಠೋಬ ಎಂದಿನ ಹಾಗೆ ಬೈಸಿಕೊಂಡ ಮುಖದಲ್ಲಿ ನಿಂತಿದ್ದ. ಇಷ್ಟು ವರ್ಷ ಅದು ಸಾಹೇಬನ ಎದುರು ನಿಂತ ವೀರನ ಮುಖವೆಂದು ರಾಮನಾಥ ತಿಳಿದಿದ್ದ. ಈಗ ನೋಡಿದರೆ ಯಾವುದೋ ಹೆಣ್ಣು ತನ್ನನ್ನು ಒಪ್ಪುತ್ತಾಳೋ ಇಲ್ಲವೋ ಎಂದು ಹೆದರಿದ ಹುಡುಗನ ಮುಖದಂತೆ ಕಾಣುತ್ತಿತ್ತು. ರಾಮನಾಥನಿಗೆ ನಾಚಿಕೆಯಾಯಿತು, ಅಳುವೂ ಬಂತು. ಯಾರಿಗಾಗಿ ಎಂದು ಮಾತ್ರ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪ್ರದೀಪನ ರಿಕ್ಷಾ ನಿಂತಿತು. ಶಾಲೆಯ ಎದುರಿನ ಫ್ಲೆಕ್ಸ್ ನೋಡಿದ್ದ ಪ್ರದೀಪ ಮನೆಗೆ ಹೋಗಿ, ಏಳು ಜನರೂ ಬಿಳಿ ಗುಂಡಿಯ ಕೋಟು ಹಾಕಿದ್ದಾರೆ ಎಂದು ಅಜ್ಜಿಗೆ ನಗುತ್ತ ಹೇಳಿದ್ದನಂತೆ. ಅಜ್ಜಿ ರಾತ್ರಿ ಊಟ ಬಿಟ್ಟಿದ್ದಳಂತೆ. ಈ ಸಲ ನಾಗಮ್ಮ ಅಂಗಳದಲ್ಲಿ ನಿಲ್ಲದೆ ಮೊಮ್ಮಗನ ಕೈಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಜಗಲಿಗೆ ಬಂದಳು.

"ಫೋಟೋ ಇಳ್ಸು ತಮಾ," ಎಂದಳು.

ರಾಮನಾಥ ಇಳಿಸಿ ಕೊಟ್ಟ. ಮುದುಕಿ ವಿಠೋಬನ ಮುಖದ ಕಡೆ ನೋಡಲೇ ಇಲ್ಲ. ಬೆರಳಿನಿಂದ ಗುಂಡಿಗಳನ್ನು ಮೇಲಿನಿಂದ ಎಣಿಸುತ್ತ ಬಂದು ಮೂರನೆಯದರ ಮೇಲೆ ನಿಂತಳು.

"ಇದು ನಮ್ಮವ್ವಿ ಹಚ್ಚದ್ದು," ಎಂದಳು. "ಅಣ್ಣ ರಜೆ ಮೇಲೆ ಬಂದಾಗ ಒಂದು ಗುಂಡಿ ಬಿದ್ದೋಗಿತ್ತು. ಅವ್ವಿ ಅಪ್ಪನ ಅಂಗಿದು ಕಿತ್ತು ಹಚ್ಚಿತ್ತು. ಸೂಜಿಗೆ ನೂಲು ನಾನೇ ಪೋಣ್ಸಿ ಕೊಟ್ಟದ್ದು. ಬಿಳಿ ಗುಂಡಿ ನೋಡದ್ರೆ ಸಾಯೇಬ ಬೈತಾ ಹೇಳಿ ಅಣ್ಣ ನೆಗಿ ಮಾಡಿದ್ದ. ಅದೊಂದು ನೆನಪದೆ ನೋಡು. ಮುಖ ನೆನಪಿಲ್ಲಾ, ಈ ಗುಂಡಿ ನೆನಪದೆ."

ರಾಮನಾಥ ಏನೂ ಅರ್ಥವಾಗದೆ ಗಂಗೂವಿನ ಮುಖ ನೋಡಿದ. ಗಂಗೂ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಕೋಟು ಸ್ಟುಡಿಯೋಕ್ಕೆ ಹ್ಯಾಂಗೆ ಹೋಯ್ತು ಅಜ್ಜಿ?" ಎಂದು ಅವಳೇ ಕೇಳಿದಳು.

"ಅಣ್ಣ ಬರ್ಲಿಲ್ಲಾ, ಪೆಟ್ಟಿಗೆ ಬಂತು. ಅದ್ರೊಳಗೆ ಈ ಕೋಟು, ಒಂದು ತಾಟು, ಈ ಕಾಗ್ದ. ಕೋಟು ಬಾಗ್ಲ ಹಿಂದೆ ಗೂಟಕ್ಕೆ ತೂಗಿದ್ರು. ಯಾರೋ ಬಂದು ನಿಂತಾಂಗೆ ಆಗ್ತದೆ ಹೇಳಿ ಅವ್ವಿ ಅದ್ಕೆ ಎದ್ರು ಕೂತು ಉಣ್ತಿರ್ಲಿಲ್ಲಾ. ಒಂದಿನ ಅಪ್ಪ ಕಾರವಾರಕ್ಕೆ ತಕಂಡೋಗಿ ಫೋಟೋ ತೆಗ್ಯವಂಗೆ ಕೊಟ್ಟ. ಗೂಟದ ಮೇಲೆ ಇರೂದ್ಕಿಂತ ಯಾವ್ದಾದ್ರೂ ಗಂಡುಹುಡ್ಗನ ಮೈಮೇಲೆ ಇರ್ಲಿ ಅಂದ."

ರಾಮನಾಥ ಒಳಗೆ ಹೋಗಿ ನೋಟುಬುಕ್ಕು ತಂದ. ಮೊದಲ ಪುಟದ ಮೊದಲ ಸಾಲಿನಲ್ಲೇ ಅದಿತ್ತು: ಜಟ್ಟಿ ಸೋಮ, ಭಾವಿಕೇರಿ, ಫೋಟೋ ಇಲ್ಲ. ಏಳು ಮನೆಯ ಗೋಡೆಯ ಮೇಲೆ ಎಪ್ಪತ್ತು ವರ್ಷದಿಂದ ಯಾರ ಕೋಟು ಹಾರ ಹಾಕಿಸಿಕೊಳ್ಳುತ್ತಿತ್ತೋ ಅವನ ಹೆಸರಿನ ಎದುರು ರಾಮನಾಥ ತನ್ನ ಕೈಯಾರೆ ಗೆರೆ ಎಳೆದಿದ್ದ. ಬದುಕಿನಲ್ಲಿ ಎಷ್ಟೋ ಮೀಟರ್ ತಪ್ಪು ಓದಿದ್ದ. ಆಗೆಲ್ಲ ಮುಂದಿನ ತಿಂಗಳು ಸರಿಮಾಡಬಹುದಿತ್ತು.

"ಆ ಕಾಗ್ದ ಕೊಡಿ ಅಜ್ಜಿ," ಎಂದ.

ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅಂಗಿಯೊಳಗೆ ಹಾಕಿಕೊಂಡು, ಮೊದಲು ಸಿಕ್ಕ ಬಸ್ಸಿಗೆ ಕಾರವಾರಕ್ಕೆ ಹೋದ. ಸುಬೇದಾರರು ಬಾಗಿಲು ತೆರೆದು, ಇನ್ನೊಂದು ಸಿದ್ಧಾಂತ ಬಂತೆಂದು ಹುಬ್ಬು ಗಂಟಿಕ್ಕಿದರು. ಕಾಗದ ಓದುತ್ತ ಓದುತ್ತ ಅವರ ಹುಬ್ಬು ಸಡಿಲವಾಯಿತು. ನಂಬರು, ಹೆಸರು, ತಂದೆಯ ಹೆಸರು, ಮರಾಠಾ ರೆಜಿಮೆಂಟು, ಇಟಲಿ ದೇಶ, ಸಾವಿರದ ಒಂಬೈನೂರ ನಲವತ್ನಾಲ್ಕು. ಓದಿ ಮುಗಿಸಿದ ಮೇಲೆ ಅವರು ಕುರ್ಚಿಯಿಂದ ಎದ್ದು ನಿಂತರು. ಯಾಕೆ ಎದ್ದರೆಂದು ತಿಳಿಯದಿದ್ದರೂ ರಾಮನಾಥನೂ ಎದ್ದ.

ಸಂಜೆ ಉಮೇಶನ ಅಂಗಡಿಯಲ್ಲಿ ಮಿಷನ್ನು ಶುರುವಾಯಿತು.

"ಒಂದೇ ಹೆಸ್ರು ಆಗ್ತದೆ ರಾಮನಾಥಣ್ಣಾ. ಏಳಡಿ ಕಲ್ಲು. ಬೋಳು ಕಾಣ್ತದೆ," ಎಂದ ಉಮೇಶ ಕೊನೆಯ ಸಲ.

"ಕಾಣ್ಲಿ," ಎಂದ ರಾಮನಾಥ.

ಇನ್ನುಳಿದದ್ದು ಫೋಟೋದ ಪ್ರಶ್ನೆ. ಹಾರ ಹಾಕಲು ಏನಾದರೊಂದು ಬೇಕು. ಜಟ್ಟಿಯ ಮುಖ ಯಾರಲ್ಲೂ ಇರಲಿಲ್ಲ. ಜಟ್ಟಿಯ ಕೋಟು ಮಾತ್ರ ಏಳು ಮನೆಯಲ್ಲಿತ್ತು. ಇಪ್ಪತ್ತಾರರ ಬೆಳಿಗ್ಗೆ ರಾಮನಾಥ ವಿಠೋಬನ ಫೋಟೋವನ್ನು ತಾನೇ ಗೋಡೆಯಿಂದ ಇಳಿಸಿ ಶಾಲೆಗೆ ತಂದು ಕಲ್ಲಿನ ಬುಡದಲ್ಲಿ ಕುರ್ಚಿಯ ಮೇಲಿಟ್ಟ. ದಪ್ಪನೆಯ ಗೊಂಡೆಹೂವಿನ ಹಾರವನ್ನು ಎರಡು ಸುತ್ತು ಮಾಡಿ, ವಿಠೋಬನ ಮುಖ ಪೂರ್ತಿ ಮುಚ್ಚಿ ಕೋಟು ಮಾತ್ರ ಕಾಣುವ ಹಾಗೆ ಹಾಕಿದ. ಹಾಗೆ ಮುಚ್ಚುವಾಗ, ತಪ್ಪಾಯಿತು ದೊಡ್ಡಪ್ಪ, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಜನ ಬಂದರು. ಉಳಿದ ಆರು ಮನೆಯವರು ಬರುವುದಿಲ್ಲವೆಂದು ರಾಮನಾಥ ಅಂದುಕೊಂಡಿದ್ದ; ಎಲ್ಲರೂ ಬಂದು ಹಿಂದೆ ನಿಂತರು. ಅಗಸೂರಿನವರು ಒಂದು ಹಾರವನ್ನೂ ತಂದಿದ್ದರು. ನಾಗಮ್ಮನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಕರಿಕಲ್ಲಿನ ನಡುವೆ "ಜಟ್ಟಿ ಸೋಮ, ಭಾವಿಕೇರಿ" ಎಂಬ ಒಂದೇ ಸಾಲು ಇತ್ತು. ಸುತ್ತ ಆರಡಿ ಖಾಲಿ.

ಸುಬೇದಾರರು ಪದಕಗಳನ್ನೆಲ್ಲ ಹಚ್ಚಿಕೊಂಡು ಬಂದಿದ್ದರು. ಮುಂದೆ ನಡೆದು ಬಂದು, ಹಿಮ್ಮಡಿ ಕೂಡಿಸಿ, ಫೋಟೋದ ಕೋಟಿಗೆ ಸಲ್ಯೂಟ್ ಹೊಡೆದರು. ಸರಿಯಾಗಿ ಆಗಲೇ ಕಡಲ ಕಡೆಯಿಂದ ಗಾಳಿ ಬೀಸಿ ಹಾರದ ಮೇಲಿನ ಸುತ್ತು ಜಾರಿತು. ತೆಂಗಿನ ಮರದಿಂದ ಬಿದ್ದ ವಿಠೋಬ ಹೆದರಿದ ಕಣ್ಣು ಬಿಟ್ಟುಕೊಂಡು, ಜೀವಮಾನದ ಮೊದಲ ಸಲ್ಯೂಟನ್ನು ಸ್ವೀಕರಿಸುತ್ತ ಹೊರಗೆ ಬಂದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತಿಯೇ ಇರಬೇಕು. ರಾಮನಾಥ ಕಿವಿಯವರೆಗೆ ಕೆಂಪಾಗಿ, ಬಗ್ಗಿಕೊಂಡು ಓಡಿ ಬಂದು, ಹಾರ ಮೇಲೆತ್ತಲು ಕೈ ಚಾಚಿದ. ಎದುರಿನ ಕುರ್ಚಿಯಿಂದ ನಾಗಮ್ಮ ಅವನ ಅಂಗಿಯ ತುದಿ ಹಿಡಿದೆಳೆದಳು.

"ಬಿಡು ತಮಾ," ಎಂದಳು. "ಇಂವನೂ ನಿಂತ್ಕಳ್ಳಿ. ಇಲ್ದಿದ್ರೆ ನಮ್ಮಣ್ಣ ಅಷ್ಟು ದೊಡ್ಡ ಕಲ್ಲಲ್ಲಿ ಒಬ್ನೇ ಆಗ್ತಾ."

ರಾಮನಾಥ ಹಾರವನ್ನು ಇದ್ದಲ್ಲೇ ಬಿಟ್ಟು ಮುದುಕಿಯ ಕುರ್ಚಿಯ ಪಕ್ಕದಲ್ಲಿ ಹೋಗಿ ನಿಂತ. ಕವಿತಾ ಟೀಚರು ಕೈ ಎತ್ತಿ ಸನ್ನೆ ಮಾಡಿದರು. ಮಕ್ಕಳು ರಾಷ್ಟ್ರಗೀತೆ ಶುರುಮಾಡಿದರು.